ತಡೀರಿ ಸಾಹೇಬರು

ಕೋಟ್ಯಂತರ ಯಂತ್ರಗಳಿಗೆ ತಾಳ್ಮೆ ಕಲಿಸಿದ ಈ ಮಹಾಶಯರಿಗೆ ತಮ್ಮ ಕುರ್ಚಿಯಲ್ಲಿ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಕೂರುವ ತಾಳ್ಮೆಯಿರಲಿಲ್ಲ. ಎದ್ದರೆ ಶತಪಥ, ಕುಳಿತರೆ ಮೊಣಕಾಲಿನ ಕುಣಿತ. ಯಂತ್ರಗಳ ಕೋಣೆಯ ಚಳಿಗೆಂದು ತೊಟ್ಟ ಬೂದುಬಣ್ಣದ ಕೋಟಿನ ಗುಂಡಿಗಳನ್ನು ತಿರುಚಿ ತಿರುಚಿ ಕಿತ್ತು ಜೇಬಿಗೆ ಹಾಕಿಕೊಳ್ಳುವರು, ಹೊಲಿಸುವ ಗೊಡವೆಗೆ ಹೋಗರು. ಯಾರು ಬಾಯಿ ತೆರೆದರೂ ಅಂಗೈ ಎತ್ತಿ ‘ತಡೀರಿ, ತಡೀರಿ’ ಎನ್ನುತ್ತಿದ್ದುದರಿಂದ ನಮ್ಮ ಕಚೇರಿಗೆಲ್ಲ ಅವರು ತಡೀರಿ ಸಾಹೇಬರು. ಅವರ ಪಕ್ಕದ ಮೇಜು ನನ್ನದು.

ಪಂದ್ಯ, ಸಂಗೀತ, ಭಾಷಣಗಳನ್ನು ನಡೆದ ಹಾಗೆಯೇ ಮನೆಮನೆಯ ಪರದೆಗೆ ಮುಟ್ಟಿಸುವುದು ನಮ್ಮ ಸಂಸ್ಥೆಯ ಕಸುಬು. ಚಿತ್ರ ಸರಿಯಾಗಿ ಮೂಡುತ್ತಿದೆಯೇ, ತಡವರಿಸುತ್ತಿದೆಯೇ ಎಂದು ಪ್ರತಿ ಮನೆಯ ಯಂತ್ರವೂ ನಮಗೆ ವರದಿ ಕಳಿಸುತ್ತದೆ. ನೋಡುವವರು ಸಾವಿರವಿದ್ದಾಗ ಇದು ಚೆಂದ; ಕೋಟಿಯಾದಾಗ, ಎಲ್ಲೋ ಚಿತ್ರ ಕೆಟ್ಟೊಡನೆ ಎಲ್ಲವೂ ಒಟ್ಟಿಗೆ ಬಾಯಿ ಬಡಿದುಕೊಂಡು, ದೂರುಗಳ ನೂಕುನುಗ್ಗಲಿನಲ್ಲಿ ಚಿತ್ರಕ್ಕೇ ದಾರಿ ಇಲ್ಲದಾಗುತ್ತಿತ್ತು. ಆಗ ಸಾಹೇಬರು ಒಂದು ಕಟ್ಟಳೆ ಮಾಡಿದರು: ದೂರುವ ಮುನ್ನ ಪ್ರತಿ ಯಂತ್ರವೂ ಕೊಂಚ ಕಾಯಬೇಕು, ಅಷ್ಟರಲ್ಲಿ ಅದೇ ಬಡಾವಣೆಯ ಇನ್ನೊಂದು ಯಂತ್ರ ದೂರು ಕೊಟ್ಟಿದ್ದರೆ ತಾನು ಸುಮ್ಮನಿರಬೇಕು. ಕಟ್ಟಳೆ ಗೆದ್ದಿತು. ದೂರು ಹೆಚ್ಚಿದ ಬಡಾವಣೆಯನ್ನು ಕೆಂಪಾಗಿ ತೋರಿಸುವ ಗೋಡೆಯ ದೊಡ್ಡ ಪರದೆ ಹಸಿರಾಗಿ ನಿಂತಿತು, ಮುಖ್ಯಸ್ಥರು ಬೆನ್ನು ತಟ್ಟಿದರು. ಸಾಹೇಬರಿಗೆ ಮಾತ್ರ ಆವತ್ತಿನಿಂದ ನಿದ್ದೆ ಹತ್ತಲಿಲ್ಲ. ‘ಇಷ್ಟೊಂದು ನೆಮ್ಮದಿ ನನಗ್ಯಾಕೋ ಸರಿ ಬರ್ತಿಲ್ಲ ರೀ’ ಎಂದು ನನ್ನ ತಲೆ ತಿನ್ನುತ್ತಿದ್ದರು.

ಆ ಮಧ್ಯಾಹ್ನ ಓಟದ ಸ್ಪರ್ಧೆಯ ಅಂತಿಮ ಸುತ್ತು. ಓಡುವವರಲ್ಲಿ ಸಾಹೇಬರ ಅಕ್ಕನ ಮಗಳೂ ಒಬ್ಬಳು. ಕಾಲು ಮುರಿದುಕೊಂಡು ಮನೆಯಲ್ಲಿದ್ದ ಅಕ್ಕನಿಗೆ ಮಗಳ ಓಟ ಕಾಣಬೇಕಾದರೆ ನಮ್ಮ ಪ್ರಸಾರವೊಂದೇ ಗತಿ. ‘ನಾನಿದ್ದೀನಲ್ಲಕ್ಕ, ಚಿತ್ರ ಅಲುಗಾಡೋಕೂ ಬಿಡಲ್ಲ’ ಎಂದು ಇವರು ಮಾತು ಕೊಟ್ಟಿದ್ದರು. ಗೋಡೆಯ ಪರದೆಯಲ್ಲಿ ಎಲ್ಲವೂ ಹಸಿರು. ಅಕ್ಕನ ಬಡಾವಣೆಯೂ ಹಸಿರು, ಅಲ್ಲಿಂದ ಬಂದದ್ದು ಒಂದೇ ಒಂದು ದೂರು. ನಾವೆಲ್ಲ ಓಟಕ್ಕೆ ಕಣ್ಣು ನೆಟ್ಟಿದ್ದರೆ ಸಾಹೇಬರು ಆ ಒಂದು ದೂರನ್ನೇ ದಿಟ್ಟಿಸುತ್ತ ಗುಂಡಿ ತಿರುಚುತ್ತಿದ್ದರು. ಕೊನೆಗೆ ತಾಳಲಾರದೆ ಫೋನು ಮಾಡಿದರು.

‘ಅಕ್ಕಾ, ಚಿತ್ರ ಬರ್ತಿದೆ ತಾನೆ?’

‘ಎಲ್ಲಿ ಬರತ್ತೋ? ಹುಡುಗೀರೆಲ್ಲ ಗೆರೆ ಹತ್ರ ಬಗ್ಗಿದ್ರು, ಅಲ್ಲೇ ನಿಂತುಹೋಯ್ತು. ಇಡೀ ಬೀದಿಗೇ ಹೀಗಂತೆ.’

‘ಮತ್ತೆ ನನಗೊಂದು ಮಾತು ಹೇಳಬಾರದಿತ್ತಾ?’

‘ಯಾರೋ ಆಗಲೇ ಹೇಳಿರ್ತಾರೆ ಅಂದ್ಕೊಂಡೆ ಕಣೋ.’

ಸಾಹೇಬರಿಗೆ ಆಗ ಹೊಳೆಯಿತು. ಒಂದು ಯಂತ್ರ ದೂರಿತ್ತು. ಅದನ್ನು ಕೇಳಿ ಮಿಕ್ಕವೆಲ್ಲ ಶಿಸ್ತಾಗಿ ಬಾಯಿ ಮುಚ್ಚಿದ್ದವು. ಗೋಡೆಯ ಪರದೆ ಆ ಒಂದನ್ನು ಬರೀ ಒಂದೆಂದೇ ಎಣಿಸಿತ್ತು. ಬಾಯಿ ಮುಚ್ಚಿಸಿದವರು ಮೌನವನ್ನು ಎಣಿಸಲು ಮರೆತಿದ್ದರು. ಕೂಡಲೇ ಆ ಬಡಾವಣೆಯ ಪ್ರಸಾರವನ್ನು ಬೇರೆ ದಾರಿಗೆ ತಿರುಗಿಸಿದರು. ಚಿತ್ರವೇನೋ ತಲುಪಿತು, ಅಕ್ಕನಿಗೆ ಕಂಡದ್ದು ಓಟ ಮುಗಿದ ಖಾಲಿ ಮೈದಾನ. ಆಮೇಲೆ ಎಷ್ಟು ಸಲ ಬೇಕಾದರೂ ನೋಡಬಹುದಿತ್ತು, ನಿಜ. ಆದರೆ ಸೋಲೋ ಗೆಲುವೋ ಗೊತ್ತಿಲ್ಲದೆ ತಾಯಿ ಉಸಿರು ಬಿಗಿಹಿಡಿದು ನೋಡುವ ಓಟ ಇನ್ನೊಮ್ಮೆ ನಡೆಯುವುದಿಲ್ಲ. ‘ಒಂದು ಬಡಾವಣೆ ತಾನೆ, ಬಿಡಿ’ ಎಂದರು ಮುಖ್ಯಸ್ಥರು. ಸಾಹೇಬರು ಬಿಡಲಿಲ್ಲ. ‘ತಪ್ಪು ನನ್ನದು ಸಾರ್. ಇನ್ಮೇಲೆ ಸುಮ್ಮನಿರೋರಲ್ಲೂ ಆಗಾಗ ಕೆಲವರನ್ನ ನಾವೇ ಮಾತಾಡಿಸಬೇಕು’ ಎಂದರು.

ಸಂಜೆ ಫೋನಿನಲ್ಲಿ ಅಕ್ಕ ‘ನನಗೇನೂ ಬೇಜಾರಿಲ್ಲ ಬಿಡೋ’ ಎಂದರಂತೆ. ಅಷ್ಟು ಕೇಳಿದ್ದೇ ತಡ, ಸಾಹೇಬರು ಕೈಯಲ್ಲಿದ್ದ ಕೆಲಸವನ್ನು ನನ್ನ ತಲೆಗೆ ಕಟ್ಟಿ ಅಕ್ಕನ ಮನೆಗೆ ಹೊರಟೇಬಿಟ್ಟರು.

ಇಂಥವರ ಪಕ್ಕದಲ್ಲಿ ಕೂತು ಕೆಲಸ ಮಾಡುವುದು ಪ್ರಾಣಸಂಕಟ. ಸುದ್ದಿ ಬರಲಿಲ್ಲವೆಂದರೆ ಎಲ್ಲರೂ ಕ್ಷೇಮವೆಂದುಕೊಂಡು ಕಾಲು ಚಾಚುವವರು ನಾವು. ಅವರಿಗಾದರೋ ಯಾರಾದರೂ ಗೊಣಗಿದರೆ ಮಾತ್ರ ಸಮಾಧಾನ, ‘ಏನೂ ಇಲ್ಲ’ ಎಂದವರ ಬಾಗಿಲನ್ನೇ ಅವರು ಮೊದಲು ತಟ್ಟುತ್ತಾರೆ.