ಇಷ್ಟಪಟ್ಟು ಹೋದವರು

"ಅಳ್ತಾ ಹೇಳಬ್ಯಾಡ ಕಣೇ ಮುಂಡೆ! ಸಾವಿನ ಮನೇಲಿ ಕುಂತಂಗೆ ಮಕ ಮಾಡ್ಕೊಂಡ್ರೆ ಆಫೀಸ್ನಾಗೆ ಯಾವನ್ ನಂಬ್ತಾನೆ? ನಗ್ತಾ ಹೇಳು!"

ಊರ ಗೌಡ ಮೂಡಲಗಿರಿಯಪ್ಪ ಗದರಿದ್ದು ಮುದುಕಿ ಹನುಮಕ್ಕನಿಗೆ. ಎದುರಿಗೆ ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದವನು ಕಂದಾಯ ಇಲಾಖೆಯ ಯುವರಾಜ್. ಮುದುಕಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಉಳಿದಿದ್ದ ನಾಲ್ಕು ಹಲ್ಲು ತೋರಿಸಿ, ಹೇಳಿಕೊಟ್ಟದ್ದನ್ನು ಮತ್ತೆ ಒಪ್ಪಿಸಿದಳು.

"ನಾವು ಇಷ್ಟಪಟ್ಟೇ ಊರು ಬುಟ್ಟು ಕಾಫಿ ತೋಟಕ್ಕೆ ಹೋಯ್ತಾ ಇದೀವಿ. ಯಾರ ಬಲವಂತಾನೂ ಇಲ್ಲ."

"ಹಾಂ, ಈಗ ಸರಿ." ಇಬ್ಬರು ಆಳುಗಳು ಮುದುಕಿಯನ್ನು ಮೂಟೆಯಂತೆ ಎತ್ತಿ ಲಾರಿಗೆ ಹಾಕಿದರು. ಕೇರಿಯ ಮಿಕ್ಕವರೆಲ್ಲ ಆಗಲೇ ನಕ್ಕು, ಹೇಳಿ, ಲಾರಿ ಹತ್ತಿ ಕೂತಿದ್ದರು. ತನ್ನ ಬಾಗಿಲಲ್ಲೇ ನಿಂತಿದ್ದ ಮಾರಕ್ಕನೊಬ್ಬಳು ಬಾಕಿ.

ಪಾವಗಡದ ಸೀಮೆಯ ಆ ಕೇರಿಯವರಿಗೆ ಗುಳೆ ಹೊಸದೇನಲ್ಲ. ಗೌಡನ ಹೊಲದಲ್ಲಿ ಕಡ್ಲೆಕಾಯಿ ಕಿತ್ತು ಬದುಕಿದ ಜನ. ಹೊಲಕ್ಕೆ ಸೋಲಾರ್ ಹಲಗೆ ಬಂದವು, ಬಾಡಿಗೆ ಗೌಡನಿಗೆ ಬಂತು, ಇವರ ಕೂಲಿ ಹೋಯಿತು. ಅಂದಿನಿಂದ ಕಾಫಿ ಹಣ್ಣು ಬಿಡಿಸಲು ಹೋಗುವುದು, ಯುಗಾದಿಗೆ ಬರುವುದು. ಹೋಗುವಾಗ ಬಾಗಿಲಿಗೆ ಜಾಲಿಮುಳ್ಳು ಬಡಿದರೆ ಬೀಗವೂ ಬೇಡ. ಮುಳ್ಳಿದೆ ಅಂದರೆ ಮನೆಯವರು ಬರುತ್ತಾರೆ ಅಂತ ಅರ್ಥ, ಕಳ್ಳನೂ ಕೈ ಹಾಕುತ್ತಿರಲಿಲ್ಲ.

ಈ ಸಲ ಗೌಡ ತಾನೇ ಪುಕ್ಕಟೆ ಲಾರಿ ತರಿಸಿದ್ದ. ತಲೆಗೊಂದು ಸೇರು ಅಕ್ಕಿ ಬೇರೆ. "ಮುಳ್ಳು ಯಾಕ್ರಲಾ, ನೋಡ್ಕಳಕೆ ನಾನಿಲ್ವಾ?" ಅಂದಿದ್ದ. ಕುಡಿಯುವ ನೀರು ಕೊಡಲೂ ಮೂಗು ಮುರಿಯುವವನಿಗೆ ಇದ್ದಕ್ಕಿದ್ದಂತೆ ಕರುಳು ಹುಟ್ಟಿತೆಂದರೆ ಮಾರಕ್ಕ ಹೇಗೆ ನಂಬಿಯಾಳು? ಬೆಳಿಗ್ಗೆ ಬಯಲಿಗೆ ಹೋದವಳು ಸುಣ್ಣದ ಪುಡಿಯ ಎರಡು ಗೆರೆ ಕಂಡಿದ್ದಳು. ಸೋಲಾರ್ ಬೇಲಿಯಿಂದ ಹೊರಟು ನೆಟ್ಟಗೆ ಬಂದು ಅವಳ ಮನೆಯ ಹಿಂದಿನ ಗೋಡೆ ಮುಟ್ಟಿದ್ದವು. ಮುಂಬಾಗಿಲಲ್ಲಿ ಮತ್ತೆ ಶುರುವಾಗಿದ್ದವು. ನಡುವೆ ಇದ್ದದ್ದು ಅವಳ ಒಲೆ. ಹುಣಸೆಮರದಡಿ ಜೆಸಿಬಿಯೊಂದು ಬಂದು ನಿಂತಿತ್ತು.

"ಆ ಗೆರೆ ಯಾತಕ್ಕೆ ಗೌಡ್ರೆ?"

"ಕರೆಂಟ್ ಲೈನಿಗೆ ದಾರಿ. ಊರು ಬುಡೋಳಿಗೆ ಅದ್ಯಾಕೆ?"

"ಯುಗಾದಿಗೆ ಬತ್ತೀವಲ್ಲ."

"ಬಾ. ಬ್ಯಾಡ ಅಂದೋರ್ಯಾರು?" ಗೌಡ ಆಳುಗಳ ಕಡೆ ನೋಡಿ ನಕ್ಕ. ಆಳುಗಳೂ ನಕ್ಕರು.

ಯುವರಾಜ್‌ಗೆ ಊಟದ ಹೊತ್ತು ಮೀರುತ್ತಿತ್ತು. ಮಾರಕ್ಕನಿಗೆ ಕಿವಿಯೇ ಇಲ್ಲವೆಂಬಂತೆ ಗೌಡನಿಗೆ ಹೇಳಿದ: "ಬೇಗ ಹೇಳಿಸಿ ಸಾರ್. ಎಬ್ಬಿಸಿದ್ರು ಅಂತಾದ್ರೆ ಇವರಿಗೆಲ್ಲ ಬೇರೆ ಮನೆ ಕೊಡಬೇಕಾಗುತ್ತೆ. ಇಷ್ಟಪಟ್ಟು ಹೋದ್ರು ಅಂದ್ರೆ ಆ ತಾಪತ್ರಯ ಇರಲ್ಲ."

ಮಾರಕ್ಕನ ಗಂಡ ಮಲ್ಲೇಶ್ ಲಾರಿಯ ಮೇಲಿಂದ ಕೂಗಿದ. "ಹೇಳ್ಬುಟ್ಟು ಬಾರೇ! ಅವರ್ತಾವ ನಮ್ದೇನ್ ನಡೀತದೆ?" ಗೌಡನಿಗಿಂತ ಅವನ ಮೇಲೇ ಅವಳಿಗೆ ಸಿಟ್ಟು ಬಂತು.

ಯುವರಾಜ್ ಮೊಬೈಲು ಎತ್ತಿದ.

"ನನ್ನೆಸ್ರು ಮಾರಕ್ಕ. ಇದು ನಮ್ಮತ್ತೆ ಕಲ್ಲು ಹೊತ್ತು ಕಟ್ಟಿದ ಮನೆ. ನಾನು ಎಲ್ಲೂ ಹೋಯ್ತಾ ಇಲ್ಲ. ಈ ಗೌಡ ನಮ್ಮನ್ನ..."

ಗೌಡನ ಕೈ ಅವಳ ಕೆನ್ನೆಗೆ ಬಿತ್ತು. "ನಮ್ ಹೊಲದ ಕಾಳು ತಿಂದು ಕೊಬ್ಬಿದೀರಲ್ಲೇ, ಕೇರಿ ಮುಂಡೆ!" ಅವಳು ಬಾಗಿಲ ಕಲ್ಲಿನ ಮೇಲೆ ಕುಸಿದಳು. ಕಿವಿ ಗುಂಯ್ ಎನ್ನುತ್ತಿತ್ತು.

"ಬಿಡಿ ಸಾರ್, ಇದನ್ನ ಡಿಲೀಟ್ ಮಾಡ್ತೀನಿ," ಅಂದ ಯುವರಾಜ್. "ಉಳಿದೋರು ಹೇಳಿರೋದು ಇದ್ರಲ್ಲೇ ಇದೆ. ಸಾಕು."

ಅವನು ತಲೆ ತಗ್ಗಿಸಿ ಮೊಬೈಲು ಒತ್ತುತ್ತಿದ್ದಾಗ ಮಾರಕ್ಕ ಎದ್ದು ಅದನ್ನು ಕಸಿದುಕೊಂಡಳು. ಹೊಸ್ತಿಲ ಪಕ್ಕದಲ್ಲಿ ಖಾರ ಅರೆಯುವ ಗುಂಡುಕಲ್ಲಿತ್ತು. ಮೊಬೈಲನ್ನು ಬಾಗಿಲ ಕಲ್ಲಿನ ಮೇಲಿಟ್ಟು ಕುಟ್ಟಿದಳು. ಆಳುಗಳು ಓಡಿ ಬರುವಷ್ಟರಲ್ಲಿ ಅದು ಪುಡಿಪುಡಿ. ಕೇರಿಯವರೆಲ್ಲ ನಕ್ಕ ನಗು ಅದರೊಂದಿಗೆ ಹೋಯಿತು.

ಗೌಡ ತನ್ನ ಜೇಬಿನಿಂದ ಮೊಬೈಲು ತೆಗೆದು ಯುವರಾಜ್‌ನ ಕಡೆ ಚಾಚಿದ. "ಇದ್ರಾಗೆ ಮಾಡ್ರಿ. ಎಲ್ಲರನ್ನೂ ಇಳಿಸಿ ಇನ್ನೊಂದ್ಸಲ ಹೇಳಿಸೋಣ."

"ಮಾಡ್ರಿ," ಅಂದಳು ಮಾರಕ್ಕ, ಗುಂಡುಕಲ್ಲು ಕೈಯಲ್ಲೇ ಇತ್ತು. "ಇನ್ನೂ ಎಷ್ಟ್ ಫೋನ್ ಅವೆ ನಿಮ್ತಾವ?"

ಯುವರಾಜ್ ಕೈ ಚಾಚಲಿಲ್ಲ. ಹುಣಸೆಮರದಡಿ ಜೆಸಿಬಿಯವನು ತಲೆಗೆ ಟವೆಲು ಸುತ್ತಿಕೊಂಡು ಮೇಲೆ ಹತ್ತಿದ. "ಏಮಪ್ಪಾ, ಸ್ಟಾರ್ಟ್ ಚೆಯ್ಯಾಲಾ?" ಎಂದು ತೆಲುಗಿನಲ್ಲಿ ಕೂಗಿ ಕೇಳಿ, ಉತ್ತರಕ್ಕೂ ಕಾಯದೆ ಇಂಜಿನು ಹಚ್ಚಿದ. ಮನೆಯೊಳಗೆ ಪಾತ್ರೆಗಳು ಅದುರಿದವು.

ಮಲ್ಲೇಶ್ ಕೂತಲ್ಲಿಂದ ಏಳಲಿಲ್ಲ. ಆದರೆ ಆ ಸದ್ದಿನ ನಡುವೆ ಲಾರಿಯ ಹಿಂಬದಿಯಿಂದ ಹನುಮಕ್ಕನ ದನಿ ಕೇಳಿತು. "ಮಾರೀ, ನಂಗೂ ಒಂದು ಕಲ್ಲು ಎತ್ತಿಡೇ!"

ಮುದುಕಿ ಹಲಗೆ ಹಿಡಿದು, ಬೆನ್ನು ಹೊರಗೆ ಮಾಡಿ ಇಳಿಯುತ್ತಿದ್ದಳು. ಅವಳ ಒಂದು ಕಾಲು ಗಾಳಿಯಲ್ಲಿ ನೆಲ ಹುಡುಕುತ್ತಿತ್ತು.