ಒಳಗೆ ಯಾರಾದ್ರೂ ಇದ್ದೀರಾ

ಆ ಕೋಣೆಯ ಬಾಗಿಲು ಹಾಯುವಾಗ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ನೋಡಿದವರಿಗೆ ಅದೊಂದು ಸಾಮಾನ್ಯ ಮರದ ಬಾಗಿಲು. ಸುತ್ತ ಕಪ್ಪು ರಬ್ಬರಿನ ಪಟ್ಟಿ, ಒಳಮೈಗೆ ಅಂಟಿಸಿದ ಥರ್ಮಾಕೋಲ್, ಹೊರಗಡೆ ಚಿಲಕ ಕಿತ್ತ ನಾಲ್ಕು ತೂತು. ಆ ತೂತುಗಳನ್ನು ಮುಚ್ಚಬೇಡಿ ಎಂದು ಹೇಳಿದವಳು ನಾನೇ.

ನಮ್ಮ ಮಾವ ಕೆಲಸ ಮಾಡಿದ್ದು ಕೋಲ್ಡ್ ಸ್ಟೋರೇಜಿನಲ್ಲಿ. ಹಣ್ಣು, ಮೀನು, ಬೆಣ್ಣೆ ಕೆಡದಂತೆ ಇಡುವ ದೊಡ್ಡ ದೊಡ್ಡ ತಣ್ಣನೆಯ ಕೋಣೆಗಳ ಬಾಗಿಲು ಕಾಯುವುದೇ ಅವರ ಉದ್ಯೋಗ. ನಿವೃತ್ತರಾದರೂ ಚಾಳಿ ಬಿಡಲಿಲ್ಲ. ನಮ್ಮ ಮನೆಯಲ್ಲಿ ಬಾಗಿಲು ತೆರೆದಿಟ್ಟು ಬರುವುದು ಕಳ್ಳತನಕ್ಕಿಂತ ದೊಡ್ಡ ತಪ್ಪು. ಬೀದಿಯ ಮಕ್ಕಳು ಅವರನ್ನು 'ಬಾಗಿಲು ಹಾಕಿ ತಾತ' ಎಂದೇ ಕರೆಯುವುದು.

ಮನೆಗೆ ಇರುವುದು ಒಂದೇ ಎಸಿ, ಅದೂ ಒಳಗಿನ ಮಲಗುವ ಕೋಣೆಯಲ್ಲಿ. ಮೇಲಿನ ಮಹಡಿ, ಪಡುವಣ ಬಿಸಿಲು, ಮಧ್ಯಾಹ್ನವಾದರೆ ಗೋಡೆ ಮುಟ್ಟಲಾಗುವುದಿಲ್ಲ. ಕಳೆದ ಬೇಸಿಗೆಯ ಕರೆಂಟು ಬಿಲ್ಲು ನೋಡಿ ಮಾವ ಟೊಂಕ ಕಟ್ಟಿ ನಿಂತರು. ಎಸಿಯ ಜಾಲರಿ ಬಿಚ್ಚಿ ತೊಳೆದರು, ಹೊರಗಿನ ಯಂತ್ರಕ್ಕೆ ನೆರಳು ಮಾಡಿದರು, ಕಿಟಕಿಗೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿ ಅಂಚಿಗೆಲ್ಲ ಟೇಪು ಬಡಿದರು. ಬಾಗಿಲಿಗೆ ರಬ್ಬರು ಬಂದದ್ದೂ ಆಗಲೇ. "ಗಾಳಿ ನುಸುಳದಿದ್ರೆ ಯಂತ್ರ ತಾನೇ ಸುಮ್ಮನಾಗುತ್ತೆ" ಎನ್ನುತ್ತಿದ್ದರು. ಒಪ್ಪಿಕೊಳ್ಳಲೇಬೇಕು, ಬಿಲ್ಲು ಇಳಿಯಿತು. ಮಾವನ ಮೀಸೆ ಏರಿತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಮ್ಮಲ್ಲಿ ಬೆಳಗಿನ ಕರೆಂಟು ಅಗ್ಗ, ಮಧ್ಯಾಹ್ನದ್ದು ತುಟ್ಟಿ. ಹಾಗಾಗಿ ಬೆಳಗ್ಗೆಯೇ ಖಾಲಿ ಕೋಣೆಯನ್ನು ಚೆನ್ನಾಗಿ ತಂಪು ಮಾಡಿ, ಬಿಗಿಯಾಗಿ ಮುಚ್ಚಿಟ್ಟು, ಮಧ್ಯಾಹ್ನ ಎಲ್ಲರೂ ಒಳಗೆ ಸೇರುವುದೆಂದು ಅವರು ಲೆಕ್ಕ ಹಾಕಿದರು. ಹಾಗೆ ಬಿಗಿಯಲು ಹಳೆಯ ಕೋಲ್ಡ್ ಸ್ಟೋರೇಜಿನಿಂದ ಒಂದು ಕಬ್ಬಿಣದ ಚಿಲಕ ತಂದು ಹೊರಗಡೆ ಜಡಿದರು. ಹಿಡಿ ಒತ್ತಿ ಕೆಳಗಿಳಿಸಿದರೆ ಬಾಗಿಲು ರಬ್ಬರಿಗೆ ಕಚ್ಚಿಕೊಂಡುಬಿಡುತ್ತಿತ್ತು. ಅವರ ಕೆಲಸದ ಜಾಗದಲ್ಲಿ ಒಳಗಿನಿಂದ ತಳ್ಳಿದರೆ ತೆರೆಯುವ ಗುಂಡಿಯೊಂದು ಇರುತ್ತಿತ್ತಂತೆ.

"ಅದನ್ನೂ ಹಾಕಿ ಮಾವ" ಅಂದೆ.

"ಅದಕ್ಕೆ ಬಾಗಿಲು ತೂತು ಮಾಡಬೇಕಮ್ಮ. ತೂತು ಮಾಡಿದ್ರೆ ತಂಪು ಸೋರುತ್ತೆ. ನಾನು ಕೂಗಿಯೇ ಮುಚ್ಚೋದು, ಹೆದರಬೇಡ."

ಕೂಗುವುದು ಅವರ ಕೆಲಸದ ಕಟ್ಟಳೆ. ಬಾಗಿಲು ಮುಚ್ಚುವ ಮೊದಲು ಕೋಣೆಯೊಳಗೆ ಕಾಲಿಟ್ಟು "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಗಟ್ಟಿಯಾಗಿ ಕೇಳಬೇಕು. ಯಾರೂ ಓಗೊಡದಿದ್ದರೆ ಮಾತ್ರ ಮುಚ್ಚಬೇಕು. ನಾಲ್ಕು ಹೆಜ್ಜೆಯ ಕೋಣೆಯಲ್ಲಿ ನಿಂತು ಅವರು ಹಾಗೆ ಕೂಗುವಾಗ ನಾನೂ ಅತ್ತೆಯೂ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು.

ಅತ್ತೆಗೂ ಮಾವನಿಗೂ ಜಗಳವಾದದ್ದು ಎಸಿಯ ರಿಮೋಟಿಗಾಗಿ. ಅತ್ತೆಗೆ ಹದಿನೆಂಟು ಡಿಗ್ರಿ ಬೇಕು, ಮಾವ ಇಪ್ಪತ್ತಾರಕ್ಕಿಂತ ಕೆಳಗಿಳಿಯುವವರಲ್ಲ, ಮೇಲೆ ಫ್ಯಾನು ತಿರುಗಿದರೆ ಸಾಕು ಎಂಬುದು ಅವರ ವಾದ. ಒಂದು ದಿನ ಅತ್ತೆಯ ತಂಗಿ ಬಂದಿದ್ದಾಗ ಅತ್ತೆ ಹದಿನೆಂಟು ಒತ್ತಿದರು. ಮಾವ ಅತಿಥಿಯ ಎದುರಿಗೇ ರಿಮೋಟು ಕಸಿದುಕೊಂಡು, "ಇವಳಿಗೆ ಬೆಣ್ಣೆ ಜೊತೆ ಕೋಲ್ಡ್ ಸ್ಟೋರೇಜಿನಲ್ಲಿ ಮಲಗಬೇಕು" ಅಂದುಬಿಟ್ಟರು. ಅತ್ತೆ ಏನೂ ಅನ್ನಲಿಲ್ಲ. ಮರುದಿನವೂ ಏನೂ ಅನ್ನಲಿಲ್ಲ. ಅತ್ತೆ ಮಾತು ಬಿಟ್ಟರೆ ಬಿಟ್ಟ ಹಾಗೆಯೇ. ಮಾವನಿಗೆ ಹೇಳಬೇಕಾದ್ದೆಲ್ಲ ನನ್ನ ಮೂಲಕ ಹೋಗುತ್ತಿತ್ತು, ಅವರು ಎದುರಿಗೇ ಕೂತಿದ್ದರೂ. "ನಿಮ್ಮ ಮಾವನಿಗೆ ಹೇಳು, ಕಾಫಿ ಆರ್ತಿದೆ." ನನ್ನ ಸ್ಥಿತಿ ಅಂಚೆಯವನಿಗಿಂತ ಕಡೆಯಾಗಿತ್ತು.

ಆ ದಿನ ಬೆಳಗ್ಗೆ ನನ್ನ ಗಂಡ ಬಸ್ಸಿನ ಡ್ಯೂಟಿಗೆ ಹೋಗಿದ್ದರು. ನಾನು ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ಕೆಳಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತೆ. ಹೊಲಿಗೆಯೇ ನನ್ನ ಸಂಪಾದನೆ, ಆ ದಿನ ಎರಡು ರವಿಕೆ ಮುಗಿಸಿ ಕೊಡಬೇಕಿತ್ತು. ಒಂದಕ್ಕೆ ತೋಳು ಕೂಡಿಸಿದ ಮೇಲೆ ಗಂಟಲೊಣಗಿತೆಂದು ಅಡುಗೆಮನೆಗೆ ಹೋದೆ. ಅತ್ತೆಗೆಂದು ನಾನು ಮುಚ್ಚಿಟ್ಟಿದ್ದ ತಿಂಡಿಯ ತಟ್ಟೆ ಹಾಗೆಯೇ ಇತ್ತು. ಪಕ್ಕದಲ್ಲಿ ಅವರ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಪೆನ್ನು, ಮುಚ್ಚಳ ತೆಗೆದದ್ದು. ಒಂದು ಚೂರು ಹತ್ತಿ.

ಇಂಜೆಕ್ಷನ್ ಚುಚ್ಚಿಕೊಂಡ ಕೂಡಲೇ ತಿನ್ನಬೇಕು, ತಡವಾದರೆ ರಕ್ತದ ಸಕ್ಕರೆ ಕುಸಿಯುತ್ತದೆ, ಜೀವಕ್ಕೇ ಅಪಾಯ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹೋದ ವರ್ಷ ಒಮ್ಮೆ ಬರಿಯ ಸ್ವಲ್ಪ ತಡವಾಗಿದ್ದಕ್ಕೆ ಅತ್ತೆ ಬೆವೆತು, ಮಾತು ತೊದಲಿ, ಈ ಅಡುಗೆಮನೆಯ ನೆಲದ ಮೇಲೆಯೇ ಕುಸಿದಿದ್ದರು. ನನ್ನ ಹೆಸರೂ ಅವರಿಗೆ ನೆನಪಾಗಿರಲಿಲ್ಲ.

"ಅತ್ತೆ" ಎಂದು ಕೂಗಿದೆ. ಉತ್ತರವಿಲ್ಲ. ಬಚ್ಚಲಲ್ಲಿಲ್ಲ. ಅವರ ಫೋನು ಕಪಾಟಿನ ಮೇಲೆ ಚಾರ್ಜಿಗೆ ಹಾಕಿದಂತೆಯೇ ಇತ್ತು.

ಮಾವ ಬಾಲ್ಕನಿಯಲ್ಲಿ ಹೊರಗಿನ ಯಂತ್ರದ ಮೇಲಿನ ನೆರಳಿನ ಬಲೆ ಬಿಗಿಯುತ್ತಿದ್ದರು.

"ಮಾವ, ಅತ್ತೆ ಎಲ್ಲಿ?"

"ನನ್ನನ್ನ ಕೇಳಿದ್ರೆ? ನನ್ನ ಹತ್ರ ಹೇಳಿ ಹೋಗ್ತಾಳಾ ಅವಳು? ಮಗಳ ಮನೆಗೆ ಹೋಗ್ತೀನಿ ಅಂತ ನಿನ್ನೆ ನಿನ್ನ ಹತ್ರ ತಾನೇ ಹೇಳಿದ್ದು."

"ಇಂಜೆಕ್ಷನ್ ತಗೊಂಡಿದ್ದಾರೆ. ಏನೂ ತಿಂದಿಲ್ಲ."

ಮಾವನ ಕೈ ನಿಂತಿತು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಮೂಲೆಯ ಇಸ್ತ್ರಿಯವನನ್ನು ಕೇಳಿದೆ, ಔಷಧಿ ಅಂಗಡಿಯಲ್ಲಿ ಕೇಳಿದೆ, ಬಸ್ ನಿಲ್ದಾಣದ ಬೆಂಚಿನ ಮೇಲೆ ತಲೆ ಬಗ್ಗಿಸಿ ಕೂತಿದ್ದ ಒಬ್ಬ ಮುದುಕಿಯ ಭುಜ ಹಿಡಿದು ತಿರುಗಿಸಿದೆ. ಆಕೆ ಅತ್ತೆ ಅಲ್ಲ. ಎಲ್ಲೋ ನೆರಳಲ್ಲಿ ಅತ್ತೆ ಒರಗಿರುತ್ತಾರೆ, ನಿದ್ದೆ ಮಾಡುತ್ತಿದ್ದಾರೆಂದು ಜನ ದಾಟಿ ಹೋಗುತ್ತಿರುತ್ತಾರೆ ಎಂದು ನೆನೆಯುತ್ತಲೇ ನೆರಳಿದ್ದ ಕಡೆಯೆಲ್ಲ ಇಣುಕಿದೆ. ನಾದಿನಿಗೆ ಫೋನು ಮಾಡಿದೆ.

"ಇಲ್ಲಿಗೆ ಬಂದಿಲ್ಲ ಅತ್ತಿಗೆ. ಯಾಕೆ, ಏನಾಯ್ತು?"

"ಆಮೇಲೆ ಹೇಳ್ತೀನಿ" ಎಂದು ಫೋನಿಟ್ಟೆ. ಆಗ ಅಂಗಾಲು ಸುಡುವುದು ಗೊತ್ತಾಯಿತು, ನಾನು ಬರಿಗಾಲಲ್ಲೇ ಓಡಿ ಬಂದಿದ್ದೆ. ಚಪ್ಪಲಿ ಮೆಟ್ಟಿ ಇನ್ನೊಂದು ಬೀದಿ ನೋಡೋಣವೆಂದು ಮನೆಗೆ ಮರಳಿದೆ. ಬಾಗಿಲ ಬಳಿ ನನ್ನ ಚಪ್ಪಲಿಗೆ ತಾಗಿಕೊಂಡೇ ಅತ್ತೆಯ ಚಪ್ಪಲಿ ಇತ್ತು. ಅವರಿಗಿರುವುದು ಅದೊಂದೇ ಜೊತೆ.

ಅಂದರೆ ಅವರು ಹೊರಗೆ ಹೋಗಿಯೇ ಇಲ್ಲ.

ಮಾವ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ತಾರಸಿಯಲ್ಲಿ, ಹಜಾರದ ಮಂಚದ ಕೆಳಗೆ, ನೀರಿನ ಟ್ಯಾಂಕಿನ ಹಿಂದೆ, ಎಲ್ಲ ನೋಡಿ ಬಂದಿದ್ದರಂತೆ. ನಾನು ಅವರ ಹೆಗಲಾಚೆಗಿನ ಚಿಲಕ ನೋಡಿದೆ. ನಾನು ನೋಡಿದ್ದನ್ನು ಅವರು ನೋಡಿದರು.

"ಇಲ್ಲಿಲ್ಲ" ಅಂದರು. "ನಾನು ಕೂಗಿದೆ ಕಣಮ್ಮ. ಒಳಗೆ ಕಾಲಿಟ್ಟು ಗಟ್ಟಿಯಾಗಿ ಕೂಗಿದೆ. ಯಾರೂ ಉತ್ತರ ಕೊಡಲಿಲ್ಲ. ಇಷ್ಟು ವರ್ಷ ಕೂಗಿದ್ದೀನಿ, ನನ್ನ ಬಾಗಿಲ ಹಿಂದೆ ಒಬ್ಬರೂ ಉಳಿದಿಲ್ಲ."

ಅವರು ನನಗೆ ಹೇಳುತ್ತಿರಲಿಲ್ಲ, ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕೂಗುವುದನ್ನು ಅವರು ನಂಬಿದ್ದರು. ನಾನೂ ನಂಬಿದ್ದೆ, ಅದಕ್ಕೇ ಊರೆಲ್ಲ ಓಡಿದರೂ ಈ ಬಾಗಿಲು ನನ್ನ ತಲೆಗೆ ಬಂದಿರಲಿಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ಕೂಗಿದರೆ ಯಾರಾದರೂ ಓಗೊಡುತ್ತಾರೆ. ಅಲ್ಲಿ ಯಾರೂ ಯಾರ ಮೇಲೂ ಮುನಿಸಿಕೊಂಡು ಮಲಗಿರುವುದಿಲ್ಲ.

"ಮಾವ" ಅಂದೆ, "ಅತ್ತೆ ನಿಮ್ಮ ಜೊತೆ ಮಾತಾಡ್ತಿಲ್ಲ."

ಅವರು ತಕ್ಷಣ ತಿರುಗಿ ಹಿಡಿಗೆ ಕೈ ಹಾಕಿದರು. ಜೀವಮಾನವೆಲ್ಲ ಅದನ್ನೇ ಎತ್ತಿ ಇಳಿಸಿದ ಕೈ ಈಗ ಹಿಡಿಯಿಂದ ಜಾರುತ್ತಿತ್ತು. ಅವರನ್ನು ಪಕ್ಕಕ್ಕೆ ತಳ್ಳಿ ನಾನೇ ಎತ್ತಿದೆ. ರಬ್ಬರು ಪಚ್ ಎಂದು ಬಿಟ್ಟುಕೊಂಡಿತು. ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಒಳಗೆ ಗವ್ವೆನ್ನುವ ಕತ್ತಲೆ.

ದೀಪ ಹಾಕಿದೆ. ಕೋಣೆ ಖಾಲಿ. ಮಂಚವೂ ಖಾಲಿ. ಒಂದು ಗಳಿಗೆ ನನಗೆ ಹಾಯೆನಿಸಿತು. ಅಷ್ಟರಲ್ಲಿ ಬಾಗಿಲ ಒಳಮೈ ಕಂಡಿತು. ಕೈಯೆತ್ತರದಲ್ಲಿ ಥರ್ಮಾಕೋಲ್ ಗುಳಿಬಿದ್ದು ಒಡೆದಿತ್ತು. ಅಲ್ಲಿ ಎಷ್ಟು ಬಡಿದರೂ ಶಬ್ದವನ್ನೆಲ್ಲ ಅದೇ ನುಂಗಿಕೊಂಡಿತ್ತು. ಉಳಿದಿದ್ದರೆ ಅದನ್ನು ನನ್ನ ಹೊಲಿಗೆ ಯಂತ್ರ ನುಂಗಿತ್ತು.

ಅತ್ತೆ ಮಂಚದಾಚೆ, ಗೋಡೆಗೆ ಸೇರಿ ನೆಲದ ಮೇಲಿದ್ದರು. ತಂಪು ಮೊದಲು ಇಳಿಯುವುದು ನೆಲಕ್ಕೆ, ಅಲ್ಲೇ ಮಲಗುವುದು ಅವರಿಗೆ ಇಷ್ಟ. ಅಷ್ಟು ತಣ್ಣನೆಯ ಕೋಣೆಯಲ್ಲಿ ಅವರ ರವಿಕೆ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು. ಉಗುರುಗಳಲ್ಲೆಲ್ಲ ಥರ್ಮಾಕೋಲಿನ ಬಿಳಿ ಕಾಳು. ಕಣ್ಣು ಅರೆ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ.

"ಅತ್ತೆ, ನಾನು. ನುಂಗೋಕಾಗುತ್ತಾ?"

ತುಟಿ ಅಲುಗಿತು. ಎತ್ತಿ ಕೂರಿಸಿ ಎದೆಗೊರಗಿಸಿಕೊಂಡೆ. ಮಾವ ಸಕ್ಕರೆ ನೀರು ತಂದರು, ಅರ್ಧ ಅವರ ಅಂಗಿಯ ಮೇಲೆಯೇ ಚೆಲ್ಲಿತ್ತು. ಒಂದು ಚಮಚ ಹಾಕಿ ಗಂಟಲನ್ನೇ ನೋಡಿದೆ. ಗಂಟಲು ಅಲುಗಲಿಲ್ಲ. ಆ ಕ್ಷಣದ ಹೆದರಿಕೆ ನನ್ನ ಶತ್ರುವಿಗೂ ಬೇಡ. ಆಮೇಲೆ ನುಂಗಿದರು. ಇನ್ನೊಂದು ಚಮಚ, ಮತ್ತೊಂದು. ಮಾವ ಡಾಕ್ಟರಿಗೆ ಫೋನು ಹಚ್ಚಿ ಹೊಸ್ತಿಲ ಮೇಲೆ ನಿಂತಿದ್ದರು. ಬಾಗಿಲು ಹಾರುಹೊಡೆದಿತ್ತು. ಇಡೀ ಬೆಳಗಿನ ತಂಪು ಅವರ ಕಾಲ ಸಂದಿಯಿಂದ ಹೊರಗೆ ಹೋಗುತ್ತಿತ್ತು.

ಎಷ್ಟೋ ಹೊತ್ತಿಗೆ ಅತ್ತೆಯ ಕಣ್ಣು ನನ್ನ ಮುಖದ ಮೇಲೆ ನಿಂತಿತು. ನಾಲಿಗೆ ಇನ್ನೂ ತೊದಲುತ್ತಿತ್ತು.

"ನಿಮ್ಮ ಮಾವನಿಗೆ ಹೇಳು" ಅಂದರು, "ಬಾಗಿಲು ಹಾಕೋಕೆ. ತಂಪೆಲ್ಲಾ ಹೋಗ್ತಿದೆ."

ಮಾವ ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತರು.

ಡಾಕ್ಟರು ಬಂದು ಹೋದ ಮೇಲೆ, ಸಂಜೆ, ಅತ್ತೆ ನನಗೆ ಮೆಲ್ಲಗೆ ಹೇಳಿದರು. "ತಿಂಡಿಗೆ ಮುಂಚೆ ಒಂದು ಕ್ಷಣ ಬೆನ್ನು ಚಾಚೋಣ ಅಂತ ಹೋಗಿದ್ದೆ. ಅವರು ಕೂಗಿದ್ದು ಕೇಳಿಸ್ತು. ಇದ್ದೀನಿ ಅಂದ್ರೆ ನಾನೇ ಮೊದಲು ಮಾತಾಡಿದ ಹಾಗಾಗುತ್ತಲ್ಲ ಅಂತ ಸುಮ್ಮನಿದ್ದೆ. ಚಿಲಕ ಬಿದ್ದಿದ್ದೂ ಕೇಳಿಸ್ತು. ನೋಡೋಣ, ಎಷ್ಟು ಹೊತ್ತಿಗೆ ಹುಡುಕ್ತಾರೆ ಅಂದ್ಕೊಂಡೆ. ಕೈ ನಡುಗೋಕೆ ಶುರುವಾದ ಮೇಲೆ ಎದ್ದು ಬಡಿದೆ. ಯಾರಿಗೂ ಕೇಳಲಿಲ್ಲ."

ಮಾವ ಆ ರಾತ್ರಿ ಊಟಕ್ಕೂ ಮೊದಲೇ ಚಿಲಕ ಕಿತ್ತರು. ರಬ್ಬರು ಉಳಿದಿದೆ, ಕಿಟಕಿಯ ಹಾಳೆ ಉಳಿದಿದೆ, ಇಪ್ಪತ್ತಾರೂ ಉಳಿದಿದೆ. ರಿಮೋಟು ಮಾತ್ರ ಅತ್ತೆಯ ದಿಂಬಿನ ಕೆಳಗಿದೆ. ಈಗ ಮಾವ ಬಚ್ಚಲಿನ ಬಾಗಿಲಿಗೂ ಕೂಗುತ್ತಾರೆ, ಬಟ್ಟೆಯ ಕಪಾಟಿಗೂ ಕೂಗುತ್ತಾರೆ. ಅತ್ತೆ ಎಲ್ಲೇ ಇರಲಿ, ಅಡುಗೆಮನೆಯಲ್ಲಿರಲಿ, ತಾರಸಿಯಲ್ಲಿರಲಿ, ಅವರ ಮೇಲೆ ಎಷ್ಟೇ ಸಿಟ್ಟಿರಲಿ, "ಇದ್ದೀನಿ" ಅನ್ನುತ್ತಾರೆ. ಮತ್ತೆ ಎರಡು ಸಲ ಮಾತು ಬಿಟ್ಟಿದ್ದಾಗಲೂ ಅದೊಂದು ಮಾತು ಬಿಡಲಿಲ್ಲ.

ಕೆಲವೊಮ್ಮೆ ಆ ಉತ್ತರ ಬರುವುದು ಒಂಚೂರು ತಡವಾಗುತ್ತದೆ. ಆಗ ನಾನು ಹೊಲಿಗೆ ಯಂತ್ರದ ಮೇಲಿನ ಕಾಲು ತೆಗೆದು ಕಿವಿಗೊಡುತ್ತೇನೆ. ಒಳಗಡೆ ಮಾವನೂ ಬಾಗಿಲ ಮೇಲಿನ ಕೈ ಹಾಗೆಯೇ ಇಟ್ಟು, ಉಸಿರು ಬಿಗಿಹಿಡಿದು ನಿಂತಿರುತ್ತಾರೆ.