ಅಂಗೈಯಲ್ಲಿ ಹಲ್ಲಿನ ಗುರುತು

ಸರಸಮ್ಮನಿಗೆ ಬೆಳಗ್ಗೆಯಿಂದಲೂ ಮೈಯೆಲ್ಲ ಉರಿಯುತ್ತಿತ್ತು. ಮಗ ಅನಂತರಾಜು ವಾರದಿಂದ ಬಲಗೈ ಎತ್ತಿಕೊಂಡು ಕಲ್ಯ ಊರಿನ ಬೀದಿ ಬೀದಿ ಸುತ್ತುತ್ತಿದ್ದ. "ನೋಡ್ರಪ್ಪಾ, ಹೆಂಡ್ತಿ ಕಚ್ಚವ್ಳೆ" ಅಂತ ಹಾಲಿನ ಡೈರಿಯಿಂದ ಟೀ ಅಂಗಡಿವರೆಗೆ ಎಲ್ಲರಿಗೂ ತೋರಿಸಿದ್ದ, ಏನೋ ಕಪ್ ಗೆದ್ದು ಬಂದವನ ಹಾಗೆ. ಮದುವೆಯಾದಾಗಿನಿಂದ ಅವನು ಹೆಂಡತಿ ಭಾನುಪ್ರಿಯಳಿಗೆ ಕೊಟ್ಟ ಏಟುಗಳನ್ನು ಮಾತ್ರ ಊರು ನೋಡಿರಲಿಲ್ಲ. ಆ ಹುಡುಗಿ ಬೆನ್ನು ತೋರಿಸಿಕೊಂಡು ತಿರುಗಿರಲಿಲ್ಲ, ಅಷ್ಟೇ. ಕಚ್ಚಿದ ದಿನ ಸೊಸೆಯ ಕಿರುಚಾಟ ಇದ್ದಕ್ಕಿದ್ದಂತೆ ನಿಂತಾಗ ಬಾಗಿಲು ತಳ್ಳಿ ನೋಡಿದವಳು ಸರಸಮ್ಮನೇ. ಅದನ್ನು ಹೇಳಹೋದರೆ, ಅತ್ತೆ ಸೊಸೆ ಒಂದಾಗಿಬುಟ್ಟವ್ರೆ ಅಂತ ಜನ ನಕ್ಕಿದ್ದರು.

ಸುದ್ದಿ ಮುಟ್ಟಿ ಕುದೂರಿನಿಂದ ಭಾನುಪ್ರಿಯಳ ಅಪ್ಪ ಮುನಿರಾಮಯ್ಯ ಬಂದಿದ್ದರು. ಮಗಳನ್ನು ಕರೆದುಕೊಂಡು ಹೋಗೋದು ಅಂತಲೇ ಹೊರಟು ಬಂದವರು. ಅವಳ ಬ್ಯಾಗೂ ಬಾಗಿಲ ಪಕ್ಕ ತಯಾರಾಗಿತ್ತು. ಆದರೆ ಅಳಿಯ ಹೇಳಿದ್ದನ್ನು ಕೇಳುತ್ತಾ ಕೇಳುತ್ತಾ ಆ ಮನುಷ್ಯ ಮೆತ್ತಗಾಗುತ್ತಿದ್ದರು.

ಅಷ್ಟರಲ್ಲಿ ಕೈಯಲ್ಲಿ ಟ್ಯಾಬ್ ಹಿಡಿದ ಸುಚಿತ್ರಾ ಅನ್ನೋ ಹುಡುಗಿ ಬಂದಳು. ಯಾವುದೋ ಸಂಶೋಧನೆಯಂತೆ. ಗಂಡಸರು ಎಷ್ಟು ಹೊಡೀತಾರೆ, ಹೆಂಗಸರು ಎಷ್ಟು ಹೊಡೀತಾರೆ ಅಂತ ಮನೆ ಮನೆ ಕೇಳಿ ಹೋಲಿಸುತ್ತಾರಂತೆ.

"ಇಬ್ಬರನ್ನೂ ಬೇರೆ ಬೇರೆ ಕೇಳಬೇಕು ಅಣ್ಣ" ಅಂದಳು.

"ಗಂಡ ಹೆಂಡ್ರಲ್ಲಿ ಮುಚ್ಚುಮರೆ ಏನ್ ಮೇಡಂ, ಇಲ್ಲೇ ಕೇಳಿ" ಅಂತ ಅನಂತರಾಜು ಕುರ್ಚಿ ಎಳೆದು ಕೂತ. ಹುಡುಗಿಗೆ ಇನ್ನೂ ಎಷ್ಟು ಮನೆ ಬಾಕಿಯಿತ್ತೋ, ಸುಮ್ಮನೆ ಒಪ್ಪಿಕೊಂಡಳು.

"ಈ ವರ್ಷ ಹೆಂಡತಿ ಮೇಲೆ ಕೈ ಮಾಡಿದ್ದೀರಾ?"

"ಒಂದೆರಡು ಏಟು. ಯಾರ ಮನೇಲಿಲ್ಲ ಹೇಳಿ."

"ಅಕ್ಕ, ನೀವು?"

ಭಾನುಪ್ರಿಯ ಗಂಡನ ಮುಖ ನೋಡಿ ತಲೆ ತಗ್ಗಿಸಿದಳು. "ಕಚ್ಚಿದೀನಿ."

ಸುಚಿತ್ರಾಳ ಬೆರಳು ಟ್ಯಾಬಿನ ಮೇಲೆ ಎರಡು ಸಲ ಆಡಿತು. ಇಬ್ಬರದೂ ಹೌದು.

"ನೋಡುದ್ರಾ ಮಾವ, ಇವ್ರ ಲೆಕ್ಕದಲ್ಲೂ ಸಮಸಮ" ಅಂದ ಅನಂತರಾಜು.

ಮುನಿರಾಮಯ್ಯ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದರು. "ಇಬ್ರದೂ ತಪ್ಪೈತೆ ಕಣವ್ವ. ಒಸಿ ಹೊಂದ್ಕೊಂಡು ಹೋಗು. ನಾನ್ ಬತ್ತೀನಿ."

ಭಾನುಪ್ರಿಯ ಬ್ಯಾಗು ಎತ್ತಿಕೊಂಡು ಹೋಗಿ ಒಳಗಿಟ್ಟು ಬಂದಳು.

ಅಡುಗೆಮನೆಯಲ್ಲಿ ಮುದ್ದೆಗೆ ಹಿಟ್ಟು ತಿರುವುತ್ತಿದ್ದ ಸರಸಮ್ಮ ಕೋಲನ್ನು ಪಾತ್ರೆಯಲ್ಲೇ ಬಿಟ್ಟಳು. ಸಮಸಮವಂತೆ. ಯಾವನ ಮನೆ ತಕ್ಕಡಿ ಇದು? ರಸ್ತೆ ತಿರುವಿನಲ್ಲಿ ಅನಂತನ ಬೈಕಿನ ಸದ್ದಾದರೆ ಈ ಮನೆಯಲ್ಲಿ ಯಾರ ಕೈಯಿಂದ ಲೋಟ ಜಾರುತ್ತೆ ಅಂತ ಒಬ್ಬರಾದರೂ ಕೇಳಿದರಾ? ಸಿಟ್ಟಿಗೆ ಅವಳ ಕಿವಿ ಗುಯ್‌ಗುಡುತ್ತಿತ್ತು. ನೇರ ನಡುಮನೆಗೆ ಬಂದಳು.

"ಎಲ್ಲಿ ಕಚ್ಚವ್ಳೆ ಅಂತ ಕೇಳು ತಾಯಿ."

"ಆ ಪ್ರಶ್ನೆ ಇದರಲ್ಲಿ ಇಲ್ಲಮ್ಮ. ಅತ್ತೆಯರನ್ನ ಕೇಳೋ ಹಾಗೂ ಇಲ್ಲ."

"ಕೇಳ್ಬ್ಯಾಡ. ನೋಡು."

ಮಗನ ಮಣಿಕಟ್ಟು ಹಿಡಿದು ಅಂಗೈ ಬಿಡಿಸಿದಳು. ಹಲ್ಲಿನ ಗುರುತು ಹೆಬ್ಬೆರಳ ಬುಡದಲ್ಲಿ, ಒಳಮಗ್ಗುಲಿಗೆ ಇತ್ತು. "ಬೀಗ್ರೇ, ಹೊಡ್ಯಾಕೆ ಬಂದೋಳು ಅಂಗೈ ಹುಡುಕ್ಕೊಂಡು ಕಚ್ತಾಳಾ? ಲೇ ಅನಂತ, ಅವತ್ತು ಹೆಂಗೆ ಒತ್ತಿದ್ದೋ ಹಂಗೇ ಒತ್ತು ನೋಡಾನ."

ಎರಡೂ ಕೈಯಿಂದ ಅವನ ಅಂಗೈಯನ್ನು ಎಳೆದು ತನ್ನ ಬಾಯಿ ಮೂಗಿನ ಮೇಲೆ ಇಟ್ಟುಕೊಂಡಳು. ಗುರುತು ಸರಿಯಾಗಿ ಅವಳ ತುಟಿಗೆ ಬಂದು ಕೂತಿತು.

"ಬುಡವ್ವ, ಜನ ನೋಡ್ತಾವ್ರೆ" ಅಂತ ಅನಂತರಾಜು ಕೈ ಕಿತ್ತುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಕಣ್ಣು ಬಿಟ್ಟುಕೊಂಡು ಬೀಗರನ್ನೇ ನೋಡುತ್ತಾ ನಿಂತಳು.

"ಉಸ್ರು ಬತ್ತಿರ್ಲಿಲ್ಲ ಅಪ್ಪಾ" ಅಂದಳು ಭಾನುಪ್ರಿಯ. "ಅದ್ಕೇ ಕಚ್ಚಿದೆ."

ಮುನಿರಾಮಯ್ಯನವರ ಕೈ ತಾನಾಗಿ ತಮ್ಮ ಮೂಗಿನ ಹತ್ತಿರ ಹೋಯಿತು. ಆಮೇಲೆ ಅವರು ಒಳಗೆ ಹೋಗಿ ಬ್ಯಾಗು ತಂದರು, ಮಗಳ ರೆಟ್ಟೆ ಹಿಡಿದುಕೊಂಡು ಅಳಿಯನನ್ನು ದಾಟಿ ಮೆಟ್ಟಿಲಿಳಿದರು.

ಸರಸಮ್ಮ ಮಗನ ಕೈ ಬಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸುಚಿತ್ರಾಳ ಬೆರಳು ಟ್ಯಾಬಿನ ಮೇಲೆ ಹಾಗೇ ನಿಂತಿತ್ತು.

"ಈಗ ಬರ್ಕೊ ತಾಯಿ" ಅಂದಳು ಸರಸಮ್ಮ. "ಸಮಸಮ ಅಂತ ಬರ್ಯಾಕೆ ಕೈ ಬಂದ್ರೆ ಬರ್ಕೊ."

ಒಳಗೆ ಹಿಟ್ಟು ಸೀದ ವಾಸನೆ ಬಂತು. ಸೀಯಲಿ, ಇವತ್ತು ಇವನಿಗೆ ಈ ಮನೆಯಲ್ಲಿ ಊಟ ಇಲ್ಲ ಅಂದುಕೊಂಡು ಹೋಗಿ ಒಲೆ ಆರಿಸಿದಳು.